ನಾಟಕಕಾರ್ತಿಯ ಪ್ರಭಾರ ಪತಿ

ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳ ಮಹಿಳಾ ನಾಟಕಕಾರರ ಪ್ರೋತ್ಸಾಹ ಹಾಗೂ ರಂಗಭೂಮಿ ಸಮಾನತಾ ಸಮಿತಿಯಲ್ಲಿ ಏಳು ಮಂದಿ ಪದಾಧಿಕಾರಿಗಳಿದ್ದು, ಏಳು ಮಂದಿಯೂ ಮಹಿಳೆಯರೇ. ಈ ವಿಷಯದಲ್ಲಿ ಯಾರೂ ನಮ್ಮ ಕಡೆ ಬೆರಳು ತೋರಿಸುವಂತಿಲ್ಲ. ಸಭೆಗಳಿಗೆ ಮಾತ್ರ ಅವರ ಪರವಾಗಿ ಅವರವರ ಯಜಮಾನರಾದ ನಾವು ಹಾಜರಾಗುತ್ತೇವೆ. ನಾನು ಚನ್ನರಾಯಪ್ಪ, ಕಾರ್ಯದರ್ಶಿ ಭಾರತಮ್ಮನವರ ಪತಿ. ಮೂವತ್ತೊಂದು ವರ್ಷ ಸರ್ಕಾರಿ ಕಚೇರಿಯಲ್ಲಿ ಟಿಪ್ಪಣಿ ಬರೆದು ನಿವೃತ್ತನಾದವನು. ಸಮಿತಿಯ ನಡಾವಳಿ ಬರೆಯುವುದೂ ನಾನೇ. ಭಾರತಮ್ಮನವರ ಸಹಿ ಅವರಿಗಿಂತ ನನಗೇ ಚೆನ್ನಾಗಿ ಬರುತ್ತದೆ.

ಸಭೆಗಳು ನಡೆಯುವುದು ಶ್ರೀನಿವಾಸಪುರದಲ್ಲಿ, ಅಧ್ಯಕ್ಷೆ ದೊಡ್ಡಮುನಿಯಮ್ಮನವರ ಪತಿ ಸುಬ್ಬರಾಯಪ್ಪನವರ ಮಾವಿನ ಮಂಡಿಯಲ್ಲಿ. ಕಾಯಿ ಬರುವ ತನಕ ಮಂಡಿ ಖಾಲಿ ಇರುತ್ತದಾದ್ದರಿಂದ ಸಮಾನತೆಯ ಕೆಲಸವನ್ನೆಲ್ಲ ಏಪ್ರಿಲ್ ಒಳಗೇ ಮುಗಿಸಬೇಕೆಂದು ನಿಯಮವಿದೆ. ಸುಬ್ಬರಾಯಪ್ಪನವರು ಸಾಮಾನ್ಯರಲ್ಲ. ಇಪ್ಪತ್ತೆರಡು ವರ್ಷದಿಂದ ಸುತ್ತಮುತ್ತಲ ಹಳ್ಳಿಗಳ ಪೌರಾಣಿಕ ನಾಟಕಗಳಲ್ಲಿ ದುರ್ಯೋಧನನ ಪಾತ್ರ ಅವರದೇ. ಅವರು ಮಂಡಿಯೊಳಗೆ ಕೂತು ಟೀ ತರಿಸಲು ಕೂಗಿದರೆ ರೋಡಿನಲ್ಲಿ ಮದನಪಲ್ಲಿ ಬಸ್ಸು ನಿಲ್ಲುತ್ತದೆ.

ಮಹಿಳೆಯರು ಬರೆದ ನಾಟಕವನ್ನು ಆಯ್ದು ಪ್ರತಿ ಮಾರ್ಚಿನಲ್ಲಿ ಕೋಲಾರದಲ್ಲಿ ಉತ್ಸವ ಮಾಡಿ ಆಡಿಸುವುದು ನಮ್ಮ ಯೋಜನೆ. ಮೊದಲ ವರ್ಷ ನಮಗೆ ಒಂದೂ ನಾಟಕ ಬರಲಿಲ್ಲ. ಪ್ರಕಟಣೆಯನ್ನು ಮಂಡಿಯ ಒಳಗೋಡೆಗೆ ಅಂಟಿಸಿದ್ದೆವು, ಯಾವ ಹೆಣ್ಣುಮಗಳೂ ಒಳಗೆ ಬಂದು ಓದಲಿಲ್ಲ. ಇಷ್ಟು ಅನಾಸಕ್ತಿ ಇದ್ದರೆ ಪ್ರೋತ್ಸಾಹ ಕೊಡುವುದಾದರೂ ಯಾರಿಗೆ? ಎರಡನೇ ವರ್ಷ ಹೇಗೋ ಒಂದು ನಾಟಕ ಬಂತು. ಬರೆದವಳು ಕ್ಯಾಲನೂರಿನ ತ್ರಿವೇಣಿ. ವಯಸ್ಸು ಇಪ್ಪತ್ತಾರು, ನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಕೆಲಸ. ನಾಟಕದ ಹೆಸರು ‘ಎರಡನೇ ಶಿಫ್ಟು’. ನಾಲ್ಕು ಜನ ಹೆಂಗಸರು ರೋಡಿನ ಪಕ್ಕದಲ್ಲಿ ಕಂಪನಿ ಬಸ್ಸಿಗೆ ಕಾಯುತ್ತಾರೆ. ಬಸ್ಸು ಬರುವುದಿಲ್ಲ. ಕಾಯುತ್ತಾ ಕಾಯುತ್ತಾ, ಮನೆಯಲ್ಲಿ ಹೇಳಲಾಗದ್ದನ್ನೆಲ್ಲ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಆಡುವವರು ತ್ರಿವೇಣಿಯ ಜೊತೆ ಕೆಲಸ ಮಾಡುವ ನಾಲ್ಕು ಹೆಣ್ಣುಮಕ್ಕಳು.

"ನಂದು ಎರಡೇ ಕೇಳಿಕೆ ಸಾರ್," ಎಂದಳು ಆ ಹುಡುಗಿ, ಮಾವಿನ ಕ್ರೇಟುಗಳ ಪಕ್ಕ ನಿಂತುಕೊಂಡು. "ಬರೆದಿದ್ದು ಬರೆದ ಹಾಗೇ ಆಡ್ಬೇಕು. ಆಮೇಲೆ ಇದು ಬರೆದೋಳು ತ್ರಿವೇಣಿ ಅಂತ ಸ್ಟೇಜ್ ಮೇಲೆ ಹೆಸರು ಕೂಗ್ಬೇಕು. ನಮ್ಮಮ್ಮ ಬಂದಿರ್ತಾಳೆ. ನಮ್ಮೂರಲ್ಲಿ ಎಲ್ರೂ ಇದು ಯಾರೋ ಬರ್ಕೊಟ್ಟಿರೋದು ಅಂತವ್ರೆ. ಡೈರಿಗೆ ಹಾಲು ಹಾಕಕ್ಕೆ ಹೋದಾಗೆಲ್ಲ ಅಮ್ಮನಿಗೆ ಅದೇ ಮಾತು. ಒಂದ್ಸಲ ಅವಳ ಕಿವಿಗೆ ಬೀಳ್ಲಿ ಸಾರ್."

ನಾವು ನಾಟಕವನ್ನು ಪರಿಶೀಲನೆಗೆ ಒಳಪಡಿಸಿದೆವು. ಮೊದಲ ನೋಟದಲ್ಲೇ ಗಂಭೀರ ದೋಷ ಕಂಡುಬಂತು. ಪಾತ್ರಗಳು ನಾಲ್ಕು, ನಾಲ್ಕೂ ಹೆಣ್ಣು. ಗಂಡಸರ ಪ್ರಮಾಣ ಶೂನ್ಯ. ಸಮಾನತಾ ಸಮಿತಿಯೇ ಇಂಥ ಅಸಮಾನತೆಯನ್ನು ವೇದಿಕೆಗೆ ಹತ್ತಿಸಿದರೆ ನಾಳೆ ಜನ ಉಗಿಯುವುದಿಲ್ಲವೇ? ಪರಿಹಾರವನ್ನು ಸುಬ್ಬರಾಯಪ್ಪನವರೇ ಸೂಚಿಸಿದರು.

"ಬಸ್ ಸ್ಟಾಪಿಗೆ ದುರ್ಯೋಧನ ಬರ್ಲಿ."

"ದುರ್ಯೋಧನ ನರಸಾಪುರಕ್ಕೆ ಯಾಕ್ ಬರ್ತಾನೆ ಸಾರ್?"

"ಯಾಕಮ್ಮ ಬರ್ಬಾರ್ದು? ಚಕ್ರವರ್ತಿ ಕಣಮ್ಮ ಅವನು, ಎಲ್ಲಿಗೆ ಬೇಕಾದ್ರೂ ಬರ್ತಾನೆ. ನಾಲ್ಕು ಜನ ಹೆಣ್ಮಕ್ಳು ರೋಡಲ್ಲಿ ನಿಂತವ್ರೆ. ಬಂದು ಒಂದು ಕಂದ ಪದ್ಯ ಹಾಡ್ತಾನೆ, ಗದೆ ಅಡ್ಡ ಹಿಡಿದು ಬಸ್ ನಿಲ್ಲಿಸ್ತಾನೆ, ಹತ್ತಿಸಿ ಕಳಿಸ್ತಾನೆ. ಜನ ಶಿಳ್ಳೆ ಹೊಡೆದು ಸಾಯ್ತಾರೆ."

"ಬಸ್ ಬರೋದೇ ಇಲ್ಲ ಸಾರ್. ಅದಕ್ಕೇ ಅವರು ಮಾತಾಡೋದು."

"ಬಸ್ಸೇ ಬರ್ದೆ ಇದ್ರೆ ಜನ ಮನೆಗೆ ಯಾವಾಗ ಹೋಗ್ಬೇಕು?" ಎಂದು ಸುಬ್ಬರಾಯಪ್ಪನವರು ನ್ಯಾಯವಾಗಿಯೇ ಕೇಳಿದರು.

ಹುಡುಗಿ ಬಗ್ಗಲಿಲ್ಲ. ನಾಲ್ಕು ತಿಂಗಳು ಪ್ರತಿ ಭಾನುವಾರ ಎರಡು ಬಸ್ಸು ಬದಲಾಯಿಸಿಕೊಂಡು ಬಂದಳು. ತಾಲೀಮಿಗೆ ಕೋಲಾರದಲ್ಲಿ ಸಮಿತಿಯ ಕೋಣೆಯ ಬೀಗದಕೈ ಕೇಳಿದಳು, ಪರಿಶೀಲಿಸುತ್ತೇವೆ ಎಂದೆವು. ದುರ್ಯೋಧನ ಬೇಡ ಎಂದಳು, ಪರಿಶೀಲಿಸುತ್ತೇವೆ ಎಂದೆವು. ಕೊನೆಗೆ ಸುಬ್ಬರಾಯಪ್ಪನವರಿಗೂ ಸಾಕಾಯಿತು.

"ನೋಡಮ್ಮ, ಇವೆಲ್ಲ ನಿನ್ ಹತ್ರ ಮಾತಾಡೋ ವಿಷಯ ಅಲ್ಲ. ನಿಮ್ಮನೆಯವ್ರನ್ನ ಕಳಿಸು, ಕೂತು ಮಾತಾಡ್ತೀವಿ."

"ನನಗೆ ಮದುವೆ ಆಗಿಲ್ಲ ಸಾರ್."

"ನಿಮ್ಮಪ್ಪನ್ನ ಕಳಿಸು."

"ಅಪ್ಪ ಇಲ್ಲ ಸಾರ್. ನಾನು, ಅಮ್ಮ, ಎರಡು ಹಸು ಅಷ್ಟೇ."

ಹೆಂಗಸಿದ್ದು ಪತಿ ಇಲ್ಲದ ಪರಿಸ್ಥಿತಿಯನ್ನು ನಮ್ಮ ನಿಯಮಾವಳಿ ಊಹಿಸಿಯೇ ಇರಲಿಲ್ಲ. ಉತ್ಸವದ ದಿನ ವೇದಿಕೆಯ ಮೇಲೆ ‘ನಾಟಕಕಾರ್ತಿಯ ಪತಿ’ ಎಂದು ಚೀಟಿ ಅಂಟಿಸಿದ ಎಂಟನೇ ಕುರ್ಚಿ ಇರುತ್ತದೆ. ಅದರಲ್ಲಿ ಯಾರನ್ನು ಕೂರಿಸುವುದು? ಮುಳಬಾಗಿಲಿನಲ್ಲಿ ತಮ್ಮ ಬಾಮೈದನ ಮಗನೊಬ್ಬನಿದ್ದಾನೆ, ಮಾರ್ಚಿಗೆ ಮುಂಚೆ ತಾಳಿ ಕಟ್ಟಿಸಿಬಿಡಬಹುದು ಎಂದು ಸುಬ್ಬರಾಯಪ್ಪನವರು ಉದಾರವಾಗಿ ಹೇಳಿದರು. ಹುಡುಗಿ ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಟೇಹೋದಳು. ಒಳ್ಳೇದು ಹೇಳಿದರೆ ಈ ಕಾಲದಲ್ಲಿ ಯಾರಿಗೆ ಬೇಕು!

ಆಗ ನೆರವಿಗೆ ಬಂದದ್ದು ನನ್ನ ಸರ್ವಿಸು. ಸರ್ಕಾರದಲ್ಲಿ ಹುದ್ದೆ ಖಾಲಿ ಇದೆಯೆಂದು ಕೆಲಸ ನಿಲ್ಲುವುದಿಲ್ಲ. ಇನ್ನೊಬ್ಬರಿಗೆ ಪ್ರಭಾರ ವಹಿಸುತ್ತಾರೆ. ನಮ್ಮ ಕಚೇರಿಯಲ್ಲಿ ಒಬ್ಬರೇ ಸಾಹೇಬರು ಒಂಬತ್ತು ವರ್ಷ ಮೂವರು ಸಾಹೇಬರಾಗಿದ್ದರು, ಮೂರು ಕುರ್ಚಿಯಲ್ಲೂ ಸಿಗುತ್ತಿರಲಿಲ್ಲ. ಪತಿಯ ಹುದ್ದೆಗೂ ಅದೇ ಕ್ರಮ ಏಕಾಗಬಾರದು? ನಿಯಮ ಹದಿನಾಲ್ಕಕ್ಕೆ ‘ಬಿ’ ಉಪನಿಯಮ ಸೇರಿಸಿ, ನಾನೇ ಕೂತು ಪ್ರಕಟಣೆ ಬರೆದೆ:

"ಕುಮಾರಿ ತ್ರಿವೇಣಿ, ನಾಟಕಕಾರ್ತಿ, ಇವರ ಪತಿಯ ಹುದ್ದೆಯು ಖಾಲಿ ಇದ್ದು, ಉತ್ಸವ ಮುಗಿಯುವವರೆಗೆ ಪ್ರಭಾರ ಪತಿಯಾಗಿ ಕಾರ್ಯನಿರ್ವಹಿಸಲು ಅರ್ಜಿ ಆಹ್ವಾನಿಸಲಾಗಿದೆ. ಕರ್ತವ್ಯಗಳು: ವೇದಿಕೆಯ ಮೇಲೆ ಕೂರುವುದು, ನಾಟಕಕಾರ್ತಿಯ ಪರವಾಗಿ ತೀರ್ಮಾನ ಕೈಗೊಳ್ಳುವುದು, ಶಾಲು ಹೊದೆಸಿಕೊಳ್ಳುವುದು. ನಾಟಕವನ್ನು ಓದಿರಬೇಕಾದ ಅಗತ್ಯವಿಲ್ಲ. ಪ್ರಭಾರವು ವೇದಿಕೆಗೆ ಸೀಮಿತವಾಗಿದ್ದು ಮನೆಗೆ ಅನ್ವಯಿಸುವುದಿಲ್ಲ. ಲಿಂಗಭೇದವಿಲ್ಲದೆ ಎಲ್ಲರೂ ಅರ್ಜಿ ಸಲ್ಲಿಸಬಹುದು."

ಕೊನೆಯ ವಾಕ್ಯ ನಮ್ಮ ಎಲ್ಲ ಪ್ರಕಟಣೆಗಳಲ್ಲೂ ಇರತಕ್ಕದ್ದು. ಸಮಾನತಾ ಸಮಿತಿ ಎಂದಮೇಲೆ ಆ ವಾಕ್ಯವಿಲ್ಲದೆ ಕುರ್ಚಿ ಬಾಡಿಗೆಗೆ ಕೇಳಿ ಪತ್ರ ಬರೆಯುವಂತೆಯೂ ಇಲ್ಲ.

ಎರಡು ಅರ್ಜಿ ಬಂದವು. ಮೊದಲನೆಯದು ಮಾಲೂರಿನಲ್ಲಿ ಮೈಕ್ ಸೆಟ್ ಇಟ್ಟಿರುವ ಕದಿರೇಶನದು. ಸಂದರ್ಶನದ ದಿನ ಅವನ ಬದಲು ಅವನ ಹೆಂಡತಿಯ ಫೋನು ಬಂತು. "ಏನ್ರೀ ಇದು, ಇಲ್ಲಿ ಕಾಯಂ ಕೆಲಸಾನೇ ನೆಟ್ಟಗೆ ಮಾಡಕ್ ಬರಲ್ಲ ಇವನಿಗೆ, ಅಲ್ಲಿ ಪ್ರಭಾರ ಬೇರೆ ಕೊಡ್ತೀರಾ?" ಎಂದು ಶುರು ಮಾಡಿ ಆಕೆ ಆಡಿದ ಉಳಿದ ಮಾತುಗಳನ್ನು ನಡಾವಳಿಯಲ್ಲಿ ದಾಖಲಿಸಿಲ್ಲ. ಕದಿರೇಶನ ಅರ್ಜಿ ಹಿಂಪಡೆಯಲಾಗಿದೆ ಎಂದು ಬರೆದುಕೊಂಡೆ.

ಎರಡನೆಯ ಅರ್ಜಿದಾರರ ಹೆಸರು ತ್ರಿವೇಣಿ, ಕ್ಯಾಲನೂರು.

"ಲೇ ಚನ್ನರಾಯಪ್ಪ, ಏನ್ಲಾ ಇದು? ತನಗೆ ತಾನೇ ಗಂಡ ಆಗ್ತಾಳಂತಾ?" ಎಂದು ಸುಬ್ಬರಾಯಪ್ಪನವರು ಗದೆಯಿಲ್ಲದೆಯೇ ಗುಡುಗಿದರು.

ನನಗೂ ಸಿಟ್ಟು ಬಂತು. ಮೂವತ್ತೊಂದು ವರ್ಷದಲ್ಲಿ ನನ್ನ ಟಿಪ್ಪಣಿಗೆ ಒಬ್ಬ ಸಾಹೇಬರೂ ಕೊಂಕು ತೆಗೆದಿಲ್ಲ. "ಲಿಂಗಭೇದವಿಲ್ಲದೆ ಅಂತ ಇದೆ. ಬೇರೆಯವರೇ ಆಗಿರಬೇಕು ಅಂತ ಎಲ್ಲೂ ಇಲ್ಲ. ನಿಯಮ ಅಂದ್ರೆ ನಿಯಮ," ಎಂದೆ. ಸಂದರ್ಶನ ನಡೆಯಿತು.

"ನಾಟಕಕಾರ್ತಿ ನಿಮಗೆ ಎಷ್ಟು ವರ್ಷದಿಂದ ಪರಿಚಯ?"

"ಇಪ್ಪತ್ತಾರು ವರ್ಷ."

"ನಿಮ್ಮ ಮಾತು ಕೇಳ್ತಾರಾ?"

"ಒಂದೊಂದ್ಸಲ ಕೇಳಲ್ಲ ಸಾರ್. ಸ್ವಲ್ಪ ಹಠ."

ಏಳು ಪತಿಯರೂ ಅನುಭವಪೂರ್ವಕವಾಗಿ ತಲೆಯಾಡಿಸಿದೆವು. ಅವಳು ನಾಟಕವನ್ನು ಪೂರ್ತಿ ಓದಿದ್ದಾಳೆಂಬುದು ಆಮೇಲೆ ಬೆಳಕಿಗೆ ಬಂತು. ಓದುವುದು ಅಗತ್ಯವಲ್ಲದಿದ್ದರೂ ಅಡ್ಡಿಯೂ ಅಲ್ಲವೆಂದು ತೀರ್ಮಾನಿಸಿ, ನೇಮಕಾತಿ ಆದೇಶವನ್ನು ಅಲ್ಲೇ ಕೈಗೆ ಕೊಟ್ಟೆವು.

ಆದೇಶ ಕೈಗೆ ಬಂದ ಕ್ಷಣದಿಂದ ಕೆಲಸ ಹೇಗೆ ಸಾಗಿತು ಎಂಬುದನ್ನು ಹೆಮ್ಮೆಯಿಂದ ದಾಖಲಿಸುತ್ತೇನೆ. ಸುಬ್ಬರಾಯಪ್ಪನವರು ಎದ್ದು ಪಕ್ಕದ ಕುರ್ಚಿ ಒರೆಸಿದರು. "ಬನ್ನಿ ಬನ್ನಿ, ಕೂತ್ಕೊಳ್ಳಿ ಯಜಮಾನ್ರೇ. ಟೀನೋ ಕಾಫೀನೋ?" ನಾಲ್ಕು ತಿಂಗಳಲ್ಲಿ ಆ ಹುಡುಗಿ ಮಂಡಿಯಲ್ಲಿ ಕೂತದ್ದು ಅದೇ ಮೊದಲು. ಕೂತವಳು ಕಾಲ ಮೇಲೆ ಕಾಲು ಹಾಕಿದಳು.

"ನಮ್ಮ ಮನೆಯವಳು ದುರ್ಯೋಧನ ಬೇಡ ಅಂತಾಳೆ."

"ಹೌದಾ? ಹೆಣ್ಮಕ್ಳು ಅಂದ್ರೆ ಹಂಗೇ, ಹಿಡಿದಿದ್ದೇ ಹಿಡಿತಾರೆ. ನೀವೇನಂತೀರಿ?"

"ಮನೇಲಿ ಯಾಕೆ ಸುಮ್ನೆ ಜಗಳ ಅಂತ..."

"ಪೋನೀಲೇ, ಹೋಗ್ಲಿ ಬಿಡಿ, ತೆಗೆದ್ಬಿಡೋಣ. ಸಂಸಾರ ದೊಡ್ಡದು," ಎಂದು ಇಪ್ಪತ್ತೆರಡು ವರ್ಷದ ದುರ್ಯೋಧನ ಒಂದೇ ಮಾತಿನಲ್ಲಿ ಹಿಂದೆ ಸರಿದರು. ಬೀಗದಕೈ ಅಂದೇ ಸಿಕ್ಕಿತು. ಶಿಫ್ಟು ಮುಗಿಸಿ ಬರುವವರಿಗೆ ವ್ಯಾನು ಗೊತ್ತುಮಾಡಿದ್ದಾಯಿತು. ಬಸ್ಸು ಬರದಿದ್ದರೂ ಪರವಾಗಿಲ್ಲವೆಂದು ಠರಾವಾಯಿತು. ಒಬ್ಬ ಜವಾಬ್ದಾರಿಯುತ ಪತಿ ಇದ್ದರೆ ಹೆಣ್ಣುಮಕ್ಕಳ ಪ್ರತಿಭೆ ಹೇಗೆ ಅರಳುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಒಂದೇ ಒಂದು ತೊಡಕಾದದ್ದು ಆಹ್ವಾನ ಪತ್ರಿಕೆಯಲ್ಲಿ. ‘ರಚನೆ: ತ್ರಿವೇಣಿ’ ಎಂದು ಒಂದು ಸಾಲು, ‘ನಾಟಕಕಾರ್ತಿಯ ಪತಿ: ಶ್ರೀ ತ್ರಿವೇಣಿ’ ಎಂದು ಇನ್ನೊಂದು. ಒಂದೇ ಹೆಸರು ಎರಡು ಸಲ ಬಂದರೆ ಓದುವವರು ಅಚ್ಚಿನ ತಪ್ಪು ಅಂದುಕೊಳ್ಳುತ್ತಾರೆ. ಒಂದನ್ನು ತೆಗೆಯಲೇಬೇಕಾಯಿತು. ಪತಿಯವರ ಹೆಸರು ತೆಗೆಯಲು ನಿಯಮದಲ್ಲಿ ಅವಕಾಶವಿಲ್ಲ.

ಅಚ್ಚಾದ ಪತ್ರಿಕೆಯನ್ನು ತ್ರಿವೇಣಿ ತಿರುಗಿಸಿ ಮುರುಗಿಸಿ ನೋಡಿದಳು. "ಗಂಡ ಹೇಳಿದ್ರೂ ಇದೊಂದು ಆಗಲ್ವಾ ಸಾರ್?"

"ಪ್ರೆಸ್ಸಿಗೆ ಹೋಗಿ ಆಯ್ತು ಯಜಮಾನ್ರೇ."

ಅವಳ ಕಣ್ಣು ತುಂಬಿತು. ಪತಿಯರು ಹಾಗೆಲ್ಲ ಅಳುವುದಿಲ್ಲವೆಂದು ನಾನು ಮುಖ ಆಚೆ ತಿರುಗಿಸಿಕೊಂಡೆ.

ಉತ್ಸವ ಕೋಲಾರದಲ್ಲಿ ವಿಜೃಂಭಣೆಯಿಂದ ನಡೆಯಿತು. ವೇದಿಕೆಯ ಮೇಲೆ ಮುಖ್ಯ ಅತಿಥಿಗಳು, ಏಳು ಪತಿಯರು, ಎಂಟನೆಯವಳಾಗಿ ತ್ರಿವೇಣಿ. ನಮ್ಮ ಭಾಷಣಗಳೆಲ್ಲ ಮುಗಿದ ಮೇಲೆ ನಾಟಕ. ನಾಲ್ಕು ಹೆಂಗಸರು ಬಂದು ಬರೀ ನೆಲದ ಮೇಲೆ ನಿಂತು ಬಸ್ಸಿಗೆ ಕಾದರು. ಸೀನರಿ ಇಲ್ಲ, ಹಾರ್ಮೋನಿಯಂ ಇಲ್ಲ. ಒಬ್ಬಳು ಹೇಳಿದಳು: "ಮನೇಲಿ ನನ್ನ ಹೆಸರಿಟ್ಟು ಕರೆದು ಹನ್ನೊಂದು ವರ್ಷ ಆಯ್ತು ಕಣೇ. ಕೊರಳಲ್ಲಿ ಐಡಿ ಕಾರ್ಡ್ ಇರೋದಕ್ಕೆ ಇನ್ನೂ ನೆನಪೈತೆ." ನಾನು ಭಾರತಮ್ಮನವರನ್ನು ಮನೆಯಲ್ಲಿ ‘ಏಯ್’ ಎಂದು ಕರೆಯುತ್ತೇನೆ. ಅದು ಇಲ್ಲಿ ಅಪ್ರಸ್ತುತ.

ನಾಟಕ ಮುಗಿದಾಗ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಸುಬ್ಬರಾಯಪ್ಪನವರೇ ಮೈಕಿನ ಮುಂದೆ ಬಂದು, "ನಾಟಕಕಾರ್ತಿಯವರ ಪರವಾಗಿ ಅವರ ಪತಿ ಶ್ರೀ ತ್ರಿವೇಣಿಯವರು ಸನ್ಮಾನ ಸ್ವೀಕರಿಸಬೇಕು!" ಎಂದು ಘೋಷಿಸಿದರು. ಶಾಲು ಹೊದೆಸುತ್ತಾ ಮುಖ್ಯ ಅತಿಥಿಗಳು ಮೆಚ್ಚಿ ನುಡಿದರು.

"ಎಂಥಾ ನಾಟಕ ಬರೆದಿದಾರೆ ನಿಮ್ಮ ಮನೆಯವರು! ಇವತ್ತಾದ್ರೂ ಅವರನ್ನ ಕರ್ಕೊಂಡು ಬರಬಾರದಾಗಿತ್ತಾ?"

"ಅವಳು ಬಂದಿದ್ದಿದ್ರೆ ನಾಟಕ ಆಗ್ತಾ ಇರ್ಲಿಲ್ಲ ಸಾರ್," ಎಂದಳು ತ್ರಿವೇಣಿ.

ಅತಿಥಿಗಳು ನಕ್ಕು ಬೆನ್ನು ತಟ್ಟಿದರು. ಹೆಂಗಸರು ಬಂದರೆ ಕೆಲಸ ಕೆಡುತ್ತದೆಂಬುದು ತಿಳಿದ ವಿಷಯವೇ ಆದ್ದರಿಂದ ನಮ್ಮಲ್ಲಿ ಯಾರಿಗೂ ಆ ಮಾತಿನಲ್ಲಿ ವಿಶೇಷ ಕಾಣಲಿಲ್ಲ.

ಇನ್ನೊಂದು ಸಂಗತಿ ಮರುದಿನ ಬೆಳಿಗ್ಗೆ ಕಾಫಿ ಕುಡಿಯುವಾಗ ತಿಳಿಯಿತು. ಭಾರತಮ್ಮನವರು ನನಗೆ ಹೇಳದೆ ಬಸ್ಸು ಹತ್ತಿ ಉತ್ಸವಕ್ಕೆ ಬಂದಿದ್ದರಂತೆ. ತಾನು ಕಾರ್ಯದರ್ಶಿ ಎಂದರೆ ವೇದಿಕೆಯ ಮೆಟ್ಟಿಲ ಹತ್ತಿರ ನಿಂತಿದ್ದ ಸ್ವಯಂಸೇವಕರು, "ಕಾರ್ಯದರ್ಶಿಗಳು ಆಗ್ಲೇ ಮೇಲೆ ಕೂತವ್ರೆ ಅಮ್ಮ," ಎಂದು ಹಿಂದಿನ ಸಾಲಿಗೆ ಕಳಿಸಿದರಂತೆ. ಪಕ್ಕದಲ್ಲಿ ಒಬ್ಬಾಕೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ಚಪ್ಪಾಳೆ ತಟ್ಟುತ್ತಿದ್ದಳು. ಕ್ಯಾಲನೂರಿನ ಶಾಮಲಮ್ಮ, ತ್ರಿವೇಣಿಯ ತಾಯಿ.

"ಸ್ಟೇಜ್ ಮೇಲಿರೋರು ನಿಮಗೇನಾಗ್ಬೇಕಮ್ಮ?" ಎಂದು ಭಾರತಮ್ಮನವರು ಕೇಳಿದರಂತೆ.

"ನಮ್ಮ ಅಳಿಯ."

"ಮಗಳು ಬರ್ಲಿಲ್ವಾ?"

"ಬಂದ್ಲು ತಾಯಿ. ಅವಳು ಅವಳಾಗಿ ಸ್ಟೇಜ್ ಹತ್ತಕ್ಕೆ ಬಿಡ್ಲಿಲ್ಲ. ಇದು ಬರೆದೋಳು ಅವಳೇ."

"ಹೂಂ. ನಾನು ಇಲ್ಲಿ ಕಾರ್ಯದರ್ಶಿ," ಎಂದರಂತೆ ಭಾರತಮ್ಮನವರು.

ಆಮೇಲೆ ಇಬ್ಬರೂ ಸೇರಿ ಅಳಿಯಂದಿರಿಗೆ ಚಪ್ಪಾಳೆ ತಟ್ಟಿದರಂತೆ.