ಹಲ್ಲಿನ ಆಸ್ಪತ್ರೆಗೆ ನಾನು ನುಗ್ಗಿದ್ದು

ಏ, ಆ ಬದಿಯಲ್ಲಿ ಹೋಗ್ತಿರೋರೇ, ಸ್ವಲ್ಪ ನಿಲ್ಲಿ. ನನ್ನ ಹೊಟ್ಟೆಯುರಿ ಕೇಳಿಕೊಂಡು ಹೋಗಿ.

ನನ್ನ ಹೆಂಡತಿಗೆ ತಪ್ಪು ಹುಡುಕುವುದಕ್ಕೇ ಸಂಬಳ. ಬೇರೆಯವರು ಬರೆದ ಸಾಫ್ಟ್‌ವೇರಿಗೆ ಕಳ್ಳ ಎಲ್ಲಿಂದ ನುಗ್ಗಬಹುದು ಎಂದು, ಅವರ ಅನುಮತಿ ಪಡೆದೇ, ತಾನೇ ನುಗ್ಗಿ ನೋಡುವ ಉದ್ಯೋಗ. (ಮನೆಯಲ್ಲಿ ಈ ಸೇವೆ ನನಗೆ ಉಚಿತ.) ಮದುವೆಯಾದ ಎಂಟು ತಿಂಗಳಲ್ಲಿ ನಾನು ಮಡಚಿಟ್ಟ ಒಂದು ಟವೆಲಿಗೂ ಆಕೆಯ ಬಾಯಿಂದ ಮೆಚ್ಚುಗೆ ಬಂದಿಲ್ಲ. ಅಂಥವಳು ಭಾನುವಾರ ಬೆಳಿಗ್ಗೆ ಲ್ಯಾಪ್‌ಟಾಪ್ ನೋಡುತ್ತಾ ನಿಟ್ಟುಸಿರಿಟ್ಟಳು.

"ಎಷ್ಟು ಚೆಂದ ಬರೆದಿದ್ದಾರೆ ಗೊತ್ತಾ. ನಾಲ್ಕು ದಿನದಿಂದ ಹುಡುಕ್ತಿದೀನಿ, ಒಂದು ತೂತೂ ಇಲ್ಲ."

ಹಲ್ಲಿನ ಆಸ್ಪತ್ರೆಯ ಸಾಫ್ಟ್‌ವೇರಂತೆ. ಬರೆದದ್ದು ಯಾರೆಂದು ಕೇಳಿದರೆ 'ಒಬ್ರು' ಎಂದಳು. ಆ 'ಒಬ್ರು' ನನ್ನ ಎದೆಗೇ ನಾಟಿತು. ಆರಡಿ ಎತ್ತರ, ಗುಂಗುರು ಕೂದಲು, ಎಲ್ಲ ಕಣ್ಣಿಗೆ ಕಟ್ಟಿತು.

ಆಕೆ ತರಕಾರಿ ತರಲು ಹೋದದ್ದೇ ತಡ, ಆ ಮಹಾಶಯನ ಗರ್ವಭಂಗಕ್ಕೆಂದು ಲ್ಯಾಪ್‌ಟಾಪಿನ ಮುಂದೆ ವಿರಾಜಮಾನನಾದೆ. ರೋಗಿಯ ಹೆಸರಿನ ಜಾಗದಲ್ಲಿ ಒಂಬೈನೂರು 'ಅ' ಒತ್ತಿದೆ. ವಯಸ್ಸು ಮೈನಸ್ ಐದು ಎಂದೆ. ಸಾಫ್ಟ್‌ವೇರು ಎಲ್ಲವನ್ನೂ ವಿನಯದಿಂದ ತಿರಸ್ಕರಿಸಿತು. ಸಿಟ್ಟಿನಿಂದ ಪಕ್ಕದಲ್ಲಿ ತೆರೆದೇ ಇದ್ದ ಇನ್ನೊಂದು ಪುಟ ಒತ್ತಿದರೆ, ಇಡೀ ಆಸ್ಪತ್ರೆಯ ಆಡಳಿತವೇ ತೆರೆದುಕೊಂಡಿತು. ಸಾಕ್ಷಿಗಿರಲಿ ಎಂದು ನನ್ನನ್ನು ನಾನೇ ಮುಖ್ಯ ದಂತವೈದ್ಯನಾಗಿ ನೇಮಿಸಿಕೊಂಡೆ.

ಆಕೆಯನ್ನು ಬಾಗಿಲಲ್ಲೇ ತಡೆದು ತೋರಿಸಿದೆ. ಚೀಲ ಕೆಳಗಿಟ್ಟು ನೋಡಿದಳು.

"ಇದು ನನ್ನ ಲಾಗಿನ್ ಕಣೋ. ಪರೀಕ್ಷೆಗೆ ಅಂತ ಅವರೇ ಕೊಟ್ಟಿದ್ದು. ಮುಚ್ಚದೇ ಹೋಗಿದ್ದೆ."

ಅಷ್ಟರಲ್ಲಿ ಫೋನು. ಸ್ಪೀಕರಿಗೆ ಹಾಕಿದಳು. ಅದೇ 'ಒಬ್ರು'. ದನಿ ನಮ್ಮಜ್ಜಿಯ ವಯಸ್ಸಿನದು. ಹೊಸ ದಂತವೈದ್ಯರು ಯಾರೆಂದು ಆ ಅಜ್ಜಿ ವಿಚಾರಿಸಿದರು. ಹೆಂಡತಿ ನಿಜ ಹೇಳಿದಳು.

"ನಿಮ್ಮನೆಯವ್ರಾ? ಪಾಪ, ಒಂದೇ ಅಕ್ಷರ ಒಂಬೈನೂರು ಸಲ ಒತ್ತಿದಾರಮ್ಮ. ಬೆರಳಿಗೆ ಏನಾದ್ರೂ ಹಚ್ಚು."

ನಡೆದದ್ದನ್ನೆಲ್ಲ ವರದಿಯಲ್ಲಿ ಬರೆಯಲೇಬೇಕಂತೆ. ಸಂಜೆ ಬರೆದಳು. ಸಾಫ್ಟ್‌ವೇರಿನ ಲೋಪ: ಇಲ್ಲ. ಪರೀಕ್ಷಕರ ಕಡೆಯ ಲೋಪ: ತೆರೆದಿಟ್ಟ ಲ್ಯಾಪ್‌ಟಾಪ್ ಮತ್ತು ಗಂಡ. ಪರಿಹಾರ: ಮೊದಲನೆಯದಕ್ಕೆ ಪಾಸ್‌ವರ್ಡ್, ಎರಡನೆಯದಕ್ಕೆ ಸದ್ಯಕ್ಕಿಲ್ಲ. ಅಪಾಯದ ಮಟ್ಟ: ಅಲ್ಪ.

ಅದೊಂದು ಪದ ನನಗೆ ಸಹಿಸಲಾಗಲಿಲ್ಲ.

"ಅವರನ್ನ ಅಷ್ಟೊಂದು ಹೊಗಳ್ತೀಯ, ನಾನು ಅಲ್ಪಾನಾ? 'ತೀವ್ರ' ಅಂತ ಹಾಕೇ."

"ಅಷ್ಟೆಲ್ಲ ಇಲ್ಲ ಕಣೋ ನೀನು."

ಒಂದು ಗಂಟೆ ವಾದಿಸಿದೆ. ಪಾತ್ರೆ ತೊಳೆಯುತ್ತೇನೆ ಎಂದೆ. ಕೊನೆಗೆ 'ಮಧ್ಯಮ'ಕ್ಕೆ ಒಪ್ಪಿದಳು. ಮನಸ್ಸು ಬದಲಿಸಿಯಾಳೆಂದು ವರದಿಯನ್ನು ನಾನೇ ಕಳಿಸಿಬಿಟ್ಟೆ. ಆಮೇಲೆ ಹೋಗಿ ಪಾತ್ರೆ ತೊಳೆದೆ.