ಸೇವಂತಿಯ ಕೊಕ್ಕಿಗೆ ಗೊರಸುಗತ್ತರಿ ಹಾಕಬಾರದೆಂಬ ಬಗ್ಗೆ

ಜಗಲಿ ಕಚೇರಿ
ಮನೆವಾರ್ತೆ ಮತ್ತು ಪಕ್ಷಿಪಾಲನಾ ವಿಭಾಗ
ಪೆನ್ನಾಗರಂ ತಾಲೂಕು, ಧರ್ಮಪುರಿ ಜಿಲ್ಲೆ

ಸಂಖ್ಯೆ: ಜ.ಕ./ಪಕ್ಷಿ/ಕೊಕ್ಕು/4/2025
ದಿನಾಂಕ: 17-08-2025, ಭಾನುವಾರ

ಸುತ್ತೋಲೆ

ವಿಷಯ: ಮನೆಯ ಗಿಳಿ ಸೇವಂತಿಯ ಕೊಕ್ಕು ಅಳತೆ ಮೀರಿ ಬೆಳೆದದ್ದು, ಅದನ್ನು ಕತ್ತರಿಸಲು ಹೋಗಿ ಆದ ಅನಾಹುತ ಮತ್ತು ಇನ್ನು ಮುಂದೆ ಮನೆಮಂದಿ ನಡೆದುಕೊಳ್ಳಬೇಕಾದ ರೀತಿ.

ಉಲ್ಲೇಖ:
1. ಸೇಲಂನ ಪಕ್ಷಿವೈದ್ಯೆ ಡಾ. ಚಂದ್ರಿಕಾ ಅವರ ಚೀಟಿ, ದಿ. 13-08-2025.
2. ಮೊಮ್ಮಗಳು ಸಂಗೀತಾ ಅವರ ದೂರವಾಣಿ ಎಚ್ಚರಿಕೆ, ದಿ. 14-08-2025.
3. ಶ್ರೀಮತಿ ರಾಮಕ್ಕ ಅವರ ಮೌಖಿಕ ಟಿಪ್ಪಣಿಗಳು, ಪ್ರತಿದಿನ.

ಪೀಠಿಕೆ

ಈ ಮನೆಯಲ್ಲಿ ಸೇವಂತಿ ಎಂಬ ಹೆಸರಿನ, ಹಳದಿ ಮೈಬಣ್ಣದ, ಮೂರು ವರ್ಷ ಪ್ರಾಯದ ಹೆಣ್ಣು ಗಿಳಿಯೊಂದು ವಾಸವಾಗಿರುತ್ತದೆ. ನಮ್ಮ ನಾಡಿನ ಹಸಿರು ಗಿಳಿಯನ್ನು ಸಾಕುವುದು ಕಾನೂನಿಗೆ ವಿರುದ್ಧ. ಸದರಿ ಪಕ್ಷಿಯು ಸನ್ ಕನ್ಯೂರ್ ಎಂಬ ಪರದೇಶದ ತಳಿಯದೆಂದೂ, ಅದರ ನೋಂದಣಿ ಪತ್ರವು ಪಡಿತರ ಚೀಟಿಯ ಜೊತೆ ಒಂದೇ ಕವರಿನಲ್ಲಿ ಇದೆಯೆಂದೂ ಮೊದಲಿಗೇ ಸ್ಪಷ್ಟಪಡಿಸಲಾಗಿದೆ. ಇದನ್ನು ತಂದವರು ಸೇಲಂನಲ್ಲಿ ನರ್ಸಿಂಗ್ ಓದುತ್ತಿರುವ ಸಂಗೀತಾ. ಹಾಸ್ಟೆಲಿನಲ್ಲಿ ಗಿಳಿಗೆ ಜಾಗವಿಲ್ಲದ್ದರಿಂದ ಪಾಲನೆಯ ಹೊಣೆಯನ್ನು ಅವರ ತಾತ ತಿಮ್ಮಪ್ಪನವರು, ಅಂದರೆ ಕೆಳಸಹಿದಾರರು, ತಾವಾಗಿಯೇ ವಹಿಸಿಕೊಂಡರು. ಬೇರೆ ಯಾರೂ ಅರ್ಜಿ ಹಾಕಿರಲಿಲ್ಲ.

ಕಳೆದ ಏಳು ತಿಂಗಳಿಂದ ಸೇವಂತಿಯ ಮೇಲ್ಕೊಕ್ಕು ಬೆಳೆಯುತ್ತ ಬಂದು, ಆಡಿ (ಆಷಾಢ) ತಿಂಗಳ ಹೊತ್ತಿಗೆ ತುದಿ ಕೊರಳಿಗೆ ತಾಗತೊಡಗಿತು. ಕಾಳು ಒಡೆಯಲು ಬಾರದಾಯಿತು. ದಿ. 12-08-2025ರ ಮಂಗಳವಾರ, ಕೆಳಸಹಿದಾರರ ತಮ್ಮನೂ ಅರವತ್ತೆರಡು ಕುರಿಗಳ ಪಾಲಕರೂ ಆದ ಅಪ್ಪಯ್ಯನವರು, ಯಾರ ಅನುಮತಿಯನ್ನೂ ಪಡೆಯದೆ, ಕುರಿಗಳ ಗೊರಸು ಕತ್ತರಿಸುವ ಕತ್ತರಿಯಿಂದಲೇ ಕೊಕ್ಕಿನ ತುದಿಯನ್ನು ಕಚಕ್ಕೆಂದು ತೆಗೆದರು. ರಕ್ತ ಬಂತು. ಕೆಳಸಹಿದಾರರ ಪತ್ನಿ ರಾಮಕ್ಕ ಅವರು ರಾಗಿಹಿಟ್ಟು ಒತ್ತಿ ಹಿಡಿದು ರಕ್ತ ನಿಲ್ಲಿಸಿದರು. ಅಲ್ಲಿಯವರೆಗೆ ಕೆಳಸಹಿದಾರರು ಬಾವಿಯ ಕಡೆಗೆ ಮುಖ ಮಾಡಿ ನಿಂತಿದ್ದರು. ಮರುದಿನ ಮೊದಲ ಬಸ್ಸಿಗೆ ಧರ್ಮಪುರಿ, ಅಲ್ಲಿಂದ ಸೇಲಂ ತಲುಪಿ ಗಿಳಿಯನ್ನು ವೈದ್ಯರ ಮುಂದೆ ಹಾಜರುಪಡಿಸಲಾಯಿತು.

ವಿಚಾರಣೆಯಲ್ಲಿ ದಾಖಲಾದ ಹೇಳಿಕೆಗಳು (ಆಡಿದಂತೆಯೇ)

ಅಪ್ಪಯ್ಯ: "ಅಣ್ಣಾ, ಹುಟ್ಟಿದಾಗಿಂದ ಗೊರಸು ಕತ್ತರಿಸ್ಕೊಂಡು ಬಂದಿವ್ನಿ. ಒಂದು ಕುರಿ ಕುಂಟಿದ್ದು ಐತಾ ಯೋಳು? ಈ ಬೆಳ್ಳುದ್ದ ಕೊಕ್ಕಿಗೆ ಸೇಲಂಗಂಟ ಓಗ್ಬೇಕಾ ಅಂದ್ಕೊಂಡೆ. ಗೊರಸಂಗೇ ಇತ್ತಲ್ಲ, ನೋಡಾಕೆ."

ಇದಕ್ಕೆ ರಾಮಕ್ಕ: "ನಿನ್ ಮೂಗೂ ನೋಡಾಕೆ ಬದ್ನೆಕಾಯಂಗೇ ಐತೆ ಕಣೋ ಅಪ್ಪಯ್ಯ. ಎಣ್ಣೆಗಾಯಿ ಮಾಡ್ಲಾ?"

ವೈದ್ಯರು ವಿವರಿಸಿದ್ದು ಹೀಗೆ: ಕೊಕ್ಕಿನ ಹೊರಪದರ ಉಗುರಿನಂತಹದಾದರೂ ಒಳಗೆ ಮೂಳೆ ಇದೆ, ರಕ್ತನಾಳ ಇದೆ, ನರ ಇದೆ. ಅದನ್ನು ಕತ್ತರಿಸಬಾರದು. ಬಲ್ಲವರು ಸಣ್ಣ ಸಾಣೆಯಂತ್ರದಿಂದ ಸ್ವಲ್ಪ ಸ್ವಲ್ಪವೇ ಸವೆಸಬೇಕು. ಅವರು ಹಾಗೆಯೇ ಸವೆಸಿ ಆಕಾರಕ್ಕೆ ತಂದರು. ರಕ್ತವನ್ನೂ ಪರೀಕ್ಷಿಸಿದರು. ಯಕೃತ್ತಿನಲ್ಲಿ ತೊಂದರೆ ಶುರುವಾಗಿರುವುದು ಕಂಡುಬಂತು. ಆಮೇಲೆ, ದಿನಾ ಏನು ಕೊಡುತ್ತೀರಿ ಎಂದು ಕೇಳಿದರು. ಕೆಳಸಹಿದಾರರು "ಕಾಳು" ಎಂದು ಉತ್ತರಿಸಿದರು.

ಸೇಲಂಗೆ ಜೊತೆಯಲ್ಲಿ ಬಂದಿದ್ದ ರಾಮಕ್ಕ: "ಕಾಳಂತೆ ಕಾಳು! ಸೂರ್ಯಕಾಂತಿ ಬೀಜ ಸುಲ್ದು ಬಾಯಿಗಿಡ್ತಾರೆ. ಬೆಳಿಗ್ಗೆ ಕಾಪಿಗೆ ಅದ್ದಿ ಒಂದು ರಸ್ಕು, ಸಾಯಂಕಾಲ ಒಂದು ರಸ್ಕು. ನನ್ನ ಕಟ್ಕೊಂಡು ನಲ್ವತ್ತು ವರ್ಸ ಆತು, ಒಂದಿನ ನಂಗೆ ಅದ್ದಿ ಕೊಟ್ಟಿಲ್ಲ ಈ ಮನ್ಸ."

ಈ ಹೇಳಿಕೆಯನ್ನು ಕೆಳಸಹಿದಾರರು ನಿರಾಕರಿಸಿಲ್ಲ. ಸಾಯಂಕಾಲದ್ದು ಅರ್ಧ ರಸ್ಕು ಮಾತ್ರ ಎಂಬ ತಿದ್ದುಪಡಿಯನ್ನು ಕೋರಿದ್ದಾರೆ.

ಗಟ್ಟಿ ಪದಾರ್ಥ ಕಚ್ಚದೆ ಕೊಕ್ಕು ಸವೆಯುವುದಿಲ್ಲ, ಎಣ್ಣೆಬೀಜ ಹೆಚ್ಚಾದರೆ ಯಕೃತ್ತು ಕೆಡುತ್ತದೆ, ಯಕೃತ್ತು ಕೆಟ್ಟರೆ ಕೊಕ್ಕು ಇನ್ನೂ ಬೆಳೆಯುತ್ತದೆ, ಕಾಫಿ ಗಿಳಿಗೆ ವಿಷ. ಅಪ್ಪಯ್ಯನವರ ತಪ್ಪು ಒಂದು ನಿಮಿಷದ್ದು, ಇನ್ನೊಬ್ಬರದು ಏಳು ತಿಂಗಳದ್ದು ಎಂದು ವೈದ್ಯರು ಅಭಿಪ್ರಾಯಪಟ್ಟರು. ಇನ್ನೊಬ್ಬರ ಹೆಸರನ್ನು ಅವರು ಚೀಟಿಯಲ್ಲಿ ಬರೆದಿಲ್ಲ. ಈ ಸೌಜನ್ಯವನ್ನು ಕಡತದಲ್ಲಿ ದಾಖಲಿಸಲಾಗಿದೆ.

ಈಗಿನ ಸ್ಥಿತಿ

ಸೇವಂತಿಯ ಎಂದಿನ ತೂಕ 108 ಗ್ರಾಂ. ದಿ. 13ರಂದು 91, 14ರಂದು 90, 15 ಮತ್ತು 16ರಂದು 88. ತೂಕ 85ಕ್ಕಿಂತ ಕೆಳಗಿಳಿದರೆ ಆ ಕ್ಷಣವೇ ಕರೆತರಬೇಕೆಂದು ವೈದ್ಯರ ಆದೇಶ. ಕೊಕ್ಕು ಸರಿಹೋಗಿದೆ, ಬಟ್ಟಲಲ್ಲಿ ಮೊಳಕೆಕಾಳು ಇದೆ. ಆದರೆ ಪಕ್ಷಿಯು ಗೋಡೆಗೆ ಮುಖ ಮಾಡಿ ಕುಳಿತು ರಸ್ಕನ್ನೇ ಕಾಯುತ್ತಿದೆ. ಕೆಳಸಹಿದಾರರು ಕೈ ಚಾಚಿದರೆ ಮಾತ್ರ ತಿರುಗುತ್ತದೆ, ಕೈ ಬರಿದಾಗಿರುವುದನ್ನು ನೋಡಿ ಮತ್ತೆ ಗೋಡೆಯ ಕಡೆಗೆ ತಿರುಗುತ್ತದೆ. ಇದನ್ನು ಹದಿನೇಳು ಸಲ ಪರಿಶೀಲಿಸಲಾಗಿದೆ.

ಸಂಗೀತಾ ಅವರ ಎಚ್ಚರಿಕೆಯ ಸಾರಾಂಶ: "ತಾತಾ, ಡಾಕ್ಟ್ರು ತೆಳಿವಾ ಸೊಲ್ಲಿಟ್ಟಾಂಗ, ಸ್ಪಷ್ಟವಾಗಿ ಯೋಳ್ಬಿಟ್ಟವ್ರೆ. ಇಪ್ಪತ್ತೆಂಟನೇ ತಾರೀಕಿಗೆ ನೂರು ಗ್ರಾಂ ಆಗ್ಲಿಲ್ಲ ಅಂದ್ರೆ ನಾನೇ ಬಂದು ಎತ್ಕೊಂಡೋಗಿ ನನ್ ಫ್ರೆಂಡ್ ಕಾರ್ತಿಕಾ ಮನ್ಯಾಗೆ ಬಿಡ್ತೀನಿ. ಅವ್ರ ಮನ್ಯಾಗೆ ಯಾರೂ ಕಾಪಿ ಕುಡಿಯಲ್ಲ."

ಆದ್ದರಿಂದ ಮನೆಮಂದಿಗೆಲ್ಲ ಈ ಮೂಲಕ ಸೂಚಿಸುವುದೇನೆಂದರೆ:

1. ಗೊರಸುಗತ್ತರಿ, ಉಣ್ಣೆಗತ್ತರಿ, ಉಗುರುಗತ್ತರಿ, ಅಡಕತ್ತರಿ, ಕುಡುಗೋಲು ಮತ್ತು ಈಳಿಗೆಮಣೆಗಳು ಪಂಜರದಿಂದ ಇಪ್ಪತ್ತು ಅಡಿ ದೂರದಲ್ಲಿ ಇರತಕ್ಕದ್ದು. ಅಡುಗೆಮನೆ ಹದಿನಾಲ್ಕು ಅಡಿಯಲ್ಲೇ ಇರುವುದರಿಂದ ಈಳಿಗೆಮಣೆಗೆ ಮಾತ್ರ ಆರು ಅಡಿಗಳ ವಿನಾಯಿತಿ ನೀಡಲಾಗಿದೆ.

2. ಕೊಕ್ಕನ್ನು ಮನೆಯಲ್ಲಿ ಯಾರೂ ಕತ್ತರಿಸುವುದಾಗಲಿ, ಅರದಿಂದ ಉಜ್ಜುವುದಾಗಲಿ, ಕಲ್ಲಿಗೆ ತಿಕ್ಕುವುದಾಗಲಿ ಮಾಡತಕ್ಕದ್ದಲ್ಲ. ಅನುಭವವು ಕುರಿಯದ್ದಾದರೆ ಕುರಿಗೆ ಮಾತ್ರ ಅನ್ವಯಿಸುತ್ತದೆ.

3. ಸೂರ್ಯಕಾಂತಿ ಬೀಜ ರದ್ದು. ಮೊಳಕೆ ಹೆಸರುಕಾಳು, ಕ್ಯಾರೆಟ್, ನುಗ್ಗೆಸೊಪ್ಪು ಮತ್ತು ವೈದ್ಯರು ಕೊಟ್ಟ ಗುಳಿಗೆ ಆಹಾರವನ್ನು ಬಟ್ಟಲಲ್ಲಿಯೇ ಇಡತಕ್ಕದ್ದು. ಬಾಯಿಗೆ ಇಡತಕ್ಕದ್ದಲ್ಲ. ಸುಲಿದು ಕೊಡತಕ್ಕದ್ದಲ್ಲ. "ಪಾಪ" ಎಂಬ ಪದವನ್ನು ಬಳಸತಕ್ಕದ್ದಲ್ಲ.

4. ಕಚ್ಚಲು ಸೀಬೆ ಮತ್ತು ಬೇವಿನ ಹಸಿಕೊಂಬೆ, ತೆಂಗಿನ ಚಿಪ್ಪಿನ ತುಂಡು, ನಾಟಿಮದ್ದಿನ ಅಂಗಡಿಯಲ್ಲಿ ಸಿಗುವ ಕಡಲನೊರೆ ಎಂಬ ಬಿಳಿ ಗಟ್ಟಿ ವಸ್ತು ಒದಗಿಸತಕ್ಕದ್ದು. ಔಷಧಿ ಹೊಡೆದ ತೋಟದ ಕೊಂಬೆ ಕೂಡದು. ಮಂಗಳವಾರದಿಂದೀಚೆಗೆ ಪ್ರತಿ ಸಂಜೆ ಯಾರೋ ಒಂದು ಸೀಬೆ ಕೊಂಬೆಯನ್ನು ತೊಳೆದು ಪಂಜರಕ್ಕೆ ಸಿಕ್ಕಿಸಿ ಹೋಗುತ್ತಿದ್ದಾರೆ. ಕುರಿ ಮೇಯಿಸಿ ಬರುವ ಹೊತ್ತಿಗೇ ಇದು ನಡೆಯುತ್ತಿದೆ. ಈ ಬಗ್ಗೆ ವಿಚಾರಣೆ ನಡೆಸುವುದಿಲ್ಲ.

5. ತೂಕವನ್ನು ಪ್ರತಿದಿನ ಬೆಳಿಗ್ಗೆ ಏಳಕ್ಕೆ, ಬಟ್ಟಲಿಡುವ ಮೊದಲು, ಶೇಖರ್ ಅವರ ದಿನಸಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ನೋಡತಕ್ಕದ್ದು. ಬುಟ್ಟಿಯ ತೂಕ ಕಳೆಯತಕ್ಕದ್ದು. ತಕ್ಕಡಿಯ ಸುತ್ತ ನಿಂತ ಗಿರಾಕಿಗಳು ಸಲಹೆ ನೀಡತಕ್ಕದ್ದಲ್ಲ. "ಅರ್ಧಪಾವು ಕೂಡ ಇಲ್ವಲ್ಲ ತಿಮ್ಮಪ್ಪಣ್ಣ, ಮೇಲೆ ಎರಡು ಕಡ್ಲೆ ಆಕ್ಲಾ?" ಎಂಬ ಶೇಖರ್ ಅವರ ಮಾತನ್ನು ಪರಿಶೀಲಿಸಿ ತಿರಸ್ಕರಿಸಲಾಗಿದೆ.

6. ಕೆಳಸಹಿದಾರರು ಇನ್ನು ಮುಂದೆ ಜಗಲಿಯಲ್ಲಿ ಕಾಫಿ ಕುಡಿಯತಕ್ಕದ್ದಲ್ಲ. ಕುರಿಹಟ್ಟಿಯ ಹಿಂದೆ, ಗಾಳಿ ಪಂಜರದ ಕಡೆ ಬೀಸದಿರುವಾಗ, ಶಬ್ದ ಮಾಡದೆ ಕುಡಿಯತಕ್ಕದ್ದು. ಲೋಟವನ್ನು ಅಲ್ಲಿಯೇ ತೊಳೆದು, ಮೀಸೆಯನ್ನೂ ತೊಳೆದು ಮರಳತಕ್ಕದ್ದು.

7. ರಸ್ಕು ಎಂಬ ಪದವು ಪಕ್ಷಿಗೆ ತಿಳಿದಿರುವುದರಿಂದ, ಮಾತಿನಲ್ಲಿ ಅದನ್ನು "ಸದರಿ ವಸ್ತು" ಎಂದೇ ಉಲ್ಲೇಖಿಸತಕ್ಕದ್ದು. ಈ ಸುತ್ತೋಲೆಯನ್ನು ಗಟ್ಟಿಯಾಗಿ ಓದುವಾಗಲೂ ಇದು ಅನ್ವಯಿಸುತ್ತದೆ.

8. ಈ ಮನೆಯಲ್ಲಿ ಕನ್ನಡ ಆಡುವವರು ನಾಲ್ವರು, ಓದುವವರು ಒಬ್ಬರು. ಹೊಸೂರು ಕಡೆಯ ಸೋದರಮಾವನ ಮನೆಯಲ್ಲಿದ್ದುಕೊಂಡು ಐದನೇ ತರಗತಿಯವರೆಗೆ ಕನ್ನಡ ಶಾಲೆಗೆ ಹೋದವರು ಕೆಳಸಹಿದಾರರು ಮಾತ್ರ. "ಓದೋರೇ ಇಲ್ದಿದ್ ಮ್ಯಾಲೆ ಯಾರಿಗ್ರೀ ಬರೀತೀರ?" ಎಂಬ ರಾಮಕ್ಕ ಅವರ ಆಕ್ಷೇಪಣೆಯನ್ನು ಕಡತಕ್ಕೆ ಸೇರಿಸಲಾಗಿದೆ. ಸುತ್ತೋಲೆಯನ್ನು ಪ್ರತಿ ಭಾನುವಾರ ಜಗಲಿಯಲ್ಲಿ ಓದಿ ಹೇಳಲಾಗುವುದು. ಕೇಳಿಸಿಕೊಂಡವರು ಕೆಮ್ಮಿದರೆ ಸ್ವೀಕೃತಿ ಎಂದು ಭಾವಿಸಲಾಗುವುದು.

9. ಮೇಲ್ಕಂಡ ನಿಯಮಗಳನ್ನು ಮೀರುವ ಸಾಧ್ಯತೆ ಹೆಚ್ಚಾಗಿರುವವರು ಕೆಳಸಹಿದಾರರೇ ಆದ್ದರಿಂದ, ಅವರ ಜೇಬುಗಳನ್ನು ತಪಾಸಣೆ ಮಾಡುವ ಅಧಿಕಾರವನ್ನು ರಾಮಕ್ಕ ಅವರಿಗೆ ವಹಿಸಲಾಗಿದೆ. ಅವರು ಈ ಅಧಿಕಾರವನ್ನು ವಹಿಸುವುದಕ್ಕೆ ಮೊದಲೇ ಚಲಾಯಿಸಿ, ಅಂಗಿಯ ಎಡಜೇಬಿನಿಂದ ಸದರಿ ವಸ್ತುವಿನ ಮುಕ್ಕಾಲು ಭಾಗವನ್ನು ವಶಪಡಿಸಿಕೊಂಡಿದ್ದಾರೆ.

10. ಪಕ್ಷಿಯು ಕೆಳಸಹಿದಾರರ ಮೇಲೆ ಮುನಿಸಿಕೊಂಡರೆ, ಅದನ್ನು ಸಹಿಸಿಕೊಳ್ಳತಕ್ಕದ್ದು. ಮುನಿಸಿನ ಅವಧಿಗೆ ಮಿತಿ ನಿಗದಿಪಡಿಸಿಲ್ಲ. ಮುನಿಸಿಕೊಂಡ ಗಿಳಿ ಮನೆಯಲ್ಲಿರುವುದು, ಅಕ್ಕರೆಯ ಗಿಳಿ ಇಲ್ಲದಿರುವುದಕ್ಕಿಂತ ಮೇಲು ಎಂದು ತೀರ್ಮಾನಿಸಲಾಗಿದೆ.

ಹಿಂಬರಹ (ಅದೇ ದಿನ, ಬೆಳಿಗ್ಗೆ 8.40)

ಈ ಸುತ್ತೋಲೆಯ ಮೊದಲ ವಾಚನವು ಜಗಲಿಯಲ್ಲಿ, ಪಂಜರದ ಬಾಗಿಲು ತೆರೆದಿರುವಾಗ ನಡೆಯಿತು. ಏಳನೇ ಅಂಶ ಓದುತ್ತಿದ್ದಾಗ ಪಕ್ಷಿಯು ಹೊರಬಂದು, ಕೆಳಸಹಿದಾರರ ತೋಳಿನ ಮೇಲಿಂದ ಇಳಿದು, ಮೂಲಪ್ರತಿಯ ಎಡ ಅಂಚನ್ನು ಮೇಲಿನಿಂದ ಕೆಳಗಿನವರೆಗೆ ಹಲ್ಲುಹಲ್ಲಾಗಿ ಕತ್ತರಿಸಿತು. ಬಿಡಿಸಲು ಹೋದ ಕೆಳಸಹಿದಾರರ ಬಲಗೈ ತೋರುಬೆರಳನ್ನೂ ಕಚ್ಚಿತು. ರಕ್ತ ಬಂತು. ಕೊಕ್ಕಿನ ಬಲ ತೃಪ್ತಿಕರವಾಗಿದೆ. ಬಳಿಕ ತಾನಾಗಿಯೇ ಬಟ್ಟಲಿಗೆ ಹೋಗಿ ಎಂಟು ಕಾಳುಗಳನ್ನು ಒಡೆದು ತಿಂದಿತು. ಎಣಿಸಿದವರು ಅಪ್ಪಯ್ಯ. ಅವರು ಟವೆಲಿನಿಂದ ಮುಖ ಒರೆಸಿಕೊಂಡದ್ದು ಬೆವರಿಗಾಗಿ ಎಂದು ತಿಳಿಸಿದ್ದಾರೆ.

ರಾಮಕ್ಕ ಅವರು ಬೆರಳಿಗೆ ರಾಗಿಹಿಟ್ಟು ಒತ್ತುತ್ತ, "ನೀವು ಬರ್ದಿದ್ನ ಈ ಮನ್ಯಾಗೆ ಒಬ್ಳಾದ್ರೂ ಬಾಯಿಗೆ ಆಕ್ಕೊಂಡ್ಲಲ್ಲ, ಬಿಡ್ರಿ" ಎಂದು ನುಡಿದರು.

ಮೂಲಪ್ರತಿಗೆ ಆದ ಹಾನಿಯನ್ನು ದಾಖಲೆಯ ನಾಶವೆಂದು ಪರಿಗಣಿಸದೆ, ಚಿಕಿತ್ಸೆಯ ಪ್ರಗತಿಯೆಂದು ಪರಿಗಣಿಸಲು ಆದೇಶಿಸಲಾಗಿದೆ.

(ಸಹಿ, ಎಡಗೈಯದು)
ತಿಮ್ಮಪ್ಪ
ನಿವೃತ್ತ ಮುಖ್ಯ ಗುಮಾಸ್ತ
ಜಗಲಿ ಕಚೇರಿ

ಪ್ರತಿಗಳು:
1. ಶ್ರೀಮತಿ ರಾಮಕ್ಕ ಅವರಿಗೆ, ಮಾಹಿತಿಗಾಗಿ. ಎಲ್ಲವೂ ಅವರಿಗೆ ಮೊದಲೇ ತಿಳಿದಿರುತ್ತದೆ.
2. ಶ್ರೀ ಅಪ್ಪಯ್ಯ ಅವರಿಗೆ, ಕುರಿಹಟ್ಟಿಯ ಬಾಗಿಲಿಗೆ ಅಂಟಿಸಲು. ಕುರಿಗಳಿಗೆ ಎಟುಕದ ಎತ್ತರದಲ್ಲಿ.
3. ಕುಮಾರಿ ಸಂಗೀತಾ ಅವರಿಗೆ, ವಾಟ್ಸಾಪಿನಲ್ಲಿ ತಮಿಳು ಧ್ವನಿಸಂದೇಶವಾಗಿ, ಕಾಳು ಒಡೆಯುವ ಸದ್ದಿನ ಸಮೇತ.
4. ಶ್ರೀ ಶೇಖರ್ ಅವರಿಗೆ, ತಕ್ಕಡಿಯ ಪಕ್ಕದಲ್ಲಿ ಇಡಲು.
5. ಡಾ. ಚಂದ್ರಿಕಾ ಅವರಿಗೆ, ವಂದನೆಗಳೊಂದಿಗೆ.
6. ಸೇವಂತಿಗೆ, ಶಾಯಿ ತಾಗದ ಬರಿಹಾಳೆಯ ರೂಪದಲ್ಲಿ ಎರಡು ಪ್ರತಿ, ಮುಂದಿನ ಸೂಕ್ತ ಕ್ರಮಕ್ಕಾಗಿ.