ಸಮುದ್ರಕ್ಕೆ ಮನೆ ನಂಬರ್ ಇಲ್ಲ

ದಾರಿ ಕೇಳುವುದು ವಿಳಾಸರಾಯನ ಹಣೆಯಲ್ಲಿ ಬರೆದಿರಲಿಲ್ಲ. ಕೊರಿಯರ್ ಕಚೇರಿಯಲ್ಲಿ ಆರು ವರ್ಷದಿಂದ ಪಾರ್ಸೆಲ್ ವಿಂಗಡಿಸುತ್ತಿದ್ದ ಪ್ರಾಣಿ ಅದು. ಕೈಗೆ ಬಂದ ಪೊಟ್ಟಣದ ಪಿನ್‌ಕೋಡ್ ಒಂದನ್ನೇ ನೋಡಿ, ಹೆಸರು, ಬೀದಿ ಯಾವುದನ್ನೂ ಓದದೆ, ಹತ್ತಡಿ ಆಚೆಯ ಬುಟ್ಟಿಗೆ ಗುರಿಯಿಟ್ಟು ಎಸೆಯುವ ವಿದ್ಯೆ ಅವನಿಗೆ ಸಿದ್ಧಿಸಿತ್ತು. (‘ಗಾಜು, ಜೋಪಾನ’ ಎಂದು ಬರೆದಿರುತ್ತಾರಂತೆ. ಅದನ್ನೂ ಓದುವುದಿಲ್ಲ.) ವಿಳಾಸರಾಯ ಎಂಬ ಹೆಸರನ್ನು ಸಹೋದ್ಯೋಗಿಗಳು ಗೇಲಿಗೆ ಇಟ್ಟಿದ್ದರು, ಅವನು ಬಿರುದೆಂದು ತಿಳಿದು ಇಟ್ಟುಕೊಂಡಿದ್ದ.

ಆರು ವರ್ಷದ ರಜೆಯನ್ನೆಲ್ಲ ಒಟ್ಟು ಸೇರಿಸಿ ಹೆಂಡತಿ ಮತ್ತು ಮಾವನೊಂದಿಗೆ ಹೊರಟ ವಿದೇಶ ಪ್ರವಾಸದ ಕೊನೆಯ ದಿನ ಅದು. ಗುಡ್ಡ, ಗೋಪುರ, ವಸ್ತುಸಂಗ್ರಹಾಲಯ ಎಲ್ಲ ಮುಗಿದಿದ್ದವು. ಉಳಿದಿದ್ದು ಸಮುದ್ರ ಒಂದೇ. ಸಮುದ್ರ ಮಾವನ ಆಸೆ. ಮೂವತ್ತು ವರ್ಷ ಸಿಟಿ ಬಸ್ಸು ಓಡಿಸಿ ನಿವೃತ್ತರಾದವರು ಅವರು. ಮಾರುಕಟ್ಟೆಯಿಂದ ಆಸ್ಪತ್ರೆ, ಆಸ್ಪತ್ರೆಯಿಂದ ಮಾರುಕಟ್ಟೆ, ಇಷ್ಟೇ ಅವರ ಭೂಮಂಡಲ. ಸಮುದ್ರವನ್ನು ಕಂಡದ್ದು ಡಿಪೋದ ಕ್ಯಾಲೆಂಡರಿನಲ್ಲಿ, ಅದೂ ಏಪ್ರಿಲ್ ತಿಂಗಳಲ್ಲಿ ಮಾತ್ರ. ಬರುವಾಗ ವಿಮಾನ ಸಮುದ್ರ ದಾಟಿತ್ತು ನಿಜ. ಆಗ ಮೋಡ ಅಡ್ಡ ಬಂದಿತ್ತು.

“ಇವತ್ತು ಅಪ್ಪನ ಕಾಲು ನೀರಲ್ಲಿ ನೆನೀಬೇಕು. ಅಷ್ಟೇ ನಾನು ಕೇಳೋದು” ಎಂದಳು ಹೆಂಡತಿ.

“ನೆನೆಯೋದೇನು, ಈಜಾಡ್ಸಿ ಕರ್ಕೊಂಡ್ ಬರ್ತೀನಿ” ಎಂದ ವಿಳಾಸರಾಯ.

ಬಾಡಿಗೆ ಕಾರಿನ ಅಂಗಡಿಯ ಮುಂದೆ ಬಸ್ಸು ಅವರನ್ನು ಇಳಿಸಿದಾಗ ಬೆಳಗಿನ ಒಂಬತ್ತು. ಸಂಜೆ ಆರೂವರೆಗೆ ಅದೇ ಜಾಗದಿಂದ ವಿಮಾನ ನಿಲ್ದಾಣಕ್ಕೆ ಬಸ್ಸು. ಅಷ್ಟರೊಳಗೆ ಸಮುದ್ರ ನೋಡಿ, ಕಾರು ಒಪ್ಪಿಸಿ, ಹತ್ತಬೇಕು.

ಕೌಂಟರಿನಲ್ಲಿದ್ದ ಹೆಂಗಸು ಕನ್ನಡಕವನ್ನು ಸರದಂತೆ ಕೊರಳಿಗೆ ನೇತುಹಾಕಿಕೊಂಡಿದ್ದಳು. ಅಲ್ಲಿಯ ಭಾಷೆ ಇವರಿಗೆ ಅರ್ಜಿ ತುಂಬುವಷ್ಟು ಬರುತ್ತಿತ್ತು. ಆಕೆ ಕಾರಿನ ಕೀಲಿ ಕೊಟ್ಟಳು, ದಾರಿ ತೋರಿಸುವ ಜಿಪಿಎಸ್ ಪೆಟ್ಟಿಗೆಯನ್ನೂ ಕೊಟ್ಟು, “ಎಲ್ಲಿಗೆ?” ಎಂದಳು.

“ಸಮುದ್ರಕ್ಕೆ.”

ಆಕೆ ನಕ್ಕು, ಹೆಬ್ಬೆರಳನ್ನು ತನ್ನ ಹೆಗಲ ಹಿಂದಕ್ಕೆ ತೋರಿಸಿ ಏನೋ ಹೇಳಲು ಬಾಯಿ ತೆರೆದಳು. “ಬೇಡ ಬೇಡ, ಈಗ ತಾನೇ ಹೋಗಿ ಬಂದ್ವಿ” ಎಂದ ವಿಳಾಸರಾಯ. (ಶೌಚಾಲಯ ತೋರಿಸುತ್ತಿದ್ದಾಳೆಂದು ತಿಳಿದಿದ್ದ.) “ಇನ್ನು ವಿಳಾಸದ ವಿಷ್ಯ ನನಗೆ ಬಿಡಿ. ನನ್ನ ಕಸುಬೇ ಅದು.”

“ಗಾಳಿ ಒಂಥರಾ ಇದೆಯಲ್ಲ ಅಳಿಯಂದ್ರೇ, ಉಪ್ಪುಪ್ಪು” ಎಂದರು ಮಾವ, ಹೊರಗೆ ಬಂದು.

“ಬೆವರು ಮಾವ. ಕಾರು ಹತ್ತಿ.”

ಪೆಟ್ಟಿಗೆಯೊಳಗಿಂದ ಒಬ್ಬಳು ಮಾತಾಡುತ್ತಿದ್ದಳು. ಎಷ್ಟು ಬೈದರೂ ದನಿ ಏರಿಸದ ಆ ಮಹಾತಾಯಿಯ ಸಹನೆ ಕಂಡು, ಮನೆಯಲ್ಲಿ ಅಂಥದ್ದನ್ನು ಕಂಡರಿಯದ ವಿಳಾಸರಾಯ ಕ್ಷಣಕಾಲ ಮರುಳಾದ. ಆದರೆ ‘ಸಮುದ್ರ’ ಎಂದು ಒತ್ತಿದರೆ ಆಕೆ ಬೀದಿಯ ಹೆಸರು ಕೇಳಿದಳು. ಬೀದಿ ಬಿಟ್ಟರೆ ಮನೆ ನಂಬರ್ ಕೇಳಿದಳು.

“ಸಮುದ್ರಕ್ಕೆ ಮನೆ ನಂಬರ್ ಎಲ್ಲಿಂದ ತರ್ಲಿ?”

“ಒಳಗೆ ಹೋಗಿ ಕೌಂಟರಿನ ಆಯಮ್ಮನ್ನೇ ಕೇಳ್ರೀ” ಎಂದಳು ಹೆಂಡತಿ.

“ಕೇಳೋದಾ? ನಾನಾ?”

ಅಷ್ಟರಲ್ಲಿ ಬೆರಳು ಎಲ್ಲಿಗೋ ತಗುಲಿ, ಪರದೆಯ ಮೇಲೆ ಐದು ವಿಳಾಸಗಳ ಪಟ್ಟಿ ಮೂಡಿತು. ವಿಳಾಸರಾಯನ ಮುಖ ಅರಳಿತು. ಒಂದರ ಕೆಳಗೊಂದು ಐದು ವಿಳಾಸ ಎಂದರೆ ಅವನ ಕಚೇರಿಯಲ್ಲಿ ಒಂದೇ ಅರ್ಥ: ಆ ದಿನದ ಡೆಲಿವರಿ ಶೀಟು. “ನೋಡಿದ್ಯಾ, ಪ್ರವಾಸಿಗರಿಗೆ ಅಂತ ಕಂಪನಿಯೋರೇ ಹಾಕಿಟ್ಟಿದಾರೆ. ಶೀಟಲ್ಲಿ ಯಾವಾಗ್ಲೂ ದೂರದ್ದು ಕೊನೇಲಿರುತ್ತೆ. ಸಮುದ್ರ ಇರೋದು ದೇಶದ ಅಂಚಲ್ಲಿ. ಅಂದ್ಮೇಲೆ ಐದನೇದೇ ಸಮುದ್ರ.”

“ಹಾಗಾದ್ರೆ ಐದನೇದೇ ಒತ್ತಿ.”

“ಶೀಟು ಮುರೀಬಾರ್ದು ಕಣೇ. ಮಧ್ಯದ್ದು ಬಿಟ್ರೆ ಮೇಲಿನೋರು ಮೆಮೋ ಕೊಡ್ತಾರೆ.”

“ಇಲ್ಯಾರು ಕೊಡ್ತಾರೆ?” ಎಂದಳಾಕೆ. ಕೊಡುವವಳು ಪಕ್ಕದಲ್ಲೇ ಕುಳಿತಿದ್ದಾಳೆಂಬುದು ವಿಳಾಸರಾಯನಿಗೆ ಆಗ ಹೊಳೆಯಲಿಲ್ಲ.

ಮೊದಲ ವಿಳಾಸ ಬಿಳಿ ಗೋಡೆಯ ಒಂದು ಕಟ್ಟಡ. ಒಳಗೆ ಸಾಲಾಗಿ ಕುರ್ಚಿ, ಮಧ್ಯೆ ಮೀನಿನ ತೊಟ್ಟಿ. “ಸಮುದ್ರದ ಮುನ್ನುಡಿ” ಎಂದು ವಿಳಾಸರಾಯ ವಿವರಿಸುವಷ್ಟರಲ್ಲಿ, ಬಿಳಿ ಕೋಟಿನವನೊಬ್ಬ ಬಂದು ಮಾವನ ತೋಳು ಹಿಡಿದು, ಒರಗು ಕುರ್ಚಿಯಲ್ಲಿ ಮಲಗಿಸಿ, ಬಾಯಿ ತೆರೆಸಿದ. ಅದು ಹಲ್ಲಿನ ಆಸ್ಪತ್ರೆ. ಬಿಡಿಸಿಕೊಂಡು ಬರಲು ಮುಕ್ಕಾಲು ಗಂಟೆ ಹಿಡಿಯಿತು.

ಎರಡನೆಯದು ಬಟ್ಟೆ ಒಗೆಯುವ ಅಂಗಡಿ. ಹನ್ನೆರಡು ಯಂತ್ರಗಳಲ್ಲಿ ನೀರು ನೊರೆಗಟ್ಟಿ ಗಿರಗಿರ ತಿರುಗುತ್ತಿತ್ತು. ಮಾವ ಒಂದು ಯಂತ್ರದ ಗಾಜಿನ ಮುಂದೆ ಬಗ್ಗಿ ಬಹಳ ಹೊತ್ತು ನೋಡಿದರು. “ಅಲೆ ಅಂದ್ರೆ ಹಿಂಗೇ ಇರುತ್ತಾ ಮಗಾ?” ಎಂದು ಮಗಳನ್ನು ಕೇಳಿದರು. ಅವಳು ಗಂಡನನ್ನು ನೋಡಿದಳು. ಆ ನೋಟವನ್ನು ಯಂತ್ರಕ್ಕೆ ಹಾಕಿದ್ದರೆ ಹನ್ನೆರಡು ಮೂಟೆ ಬಟ್ಟೆ ಒಣಗುತ್ತಿತ್ತು.

ಮೂರನೆಯದು ಟೈರು ರಿಪೇರಿ. ಹಿಂದಿನ ಸೀಟಿನಲ್ಲಿ ಮಾವ ತಿರುವು ಬಂದಾಗಲೆಲ್ಲ ಇಲ್ಲದ ಬ್ರೇಕನ್ನು ಬಲಗಾಲಿನಲ್ಲಿ ಒತ್ತುತ್ತಿದ್ದರು.

ನಾಲ್ಕನೆಯದು ಒಂದು ಮನೆ, ಊರಿನಿಂದ ಒಂದೂವರೆ ಗಂಟೆ ದೂರ. ಗೇಟಿನ ಮುಂದೆ ಕಾರು ನಿಂತದ್ದೇ ತಡ, ಮುದುಕಿಯೊಬ್ಬಳು ಹೊರಗೆ ಬಂದು, ಕಾರಿನ ಬಾಗಿಲ ಮೇಲಿದ್ದ ಕಂಪನಿಯ ಗುರುತು ನೋಡಿ, ಒಳಗೆ ಹೋಗಿ ಕಾಗದ ಸುತ್ತಿ ವಿಳಾಸ ಬರೆದ ಒಂದು ಕಂತೆ ತಂದು ಕಿಟಕಿಯಲ್ಲಿ ತುರುಕಿದಳು. ವಿಳಾಸರಾಯನ ಕೆನ್ನೆ ತಟ್ಟಿ, ಬಾಗಿಲು ಹಾಕಿಕೊಂಡಳು.

“ಏನ್ರೀ ಇದು? ಯಾಕ್ ಇಸ್ಕೊಂಡ್ರಿ?”

“ಕೊಟ್ರಲ್ಲ, ಇಸ್ಕೊಂಡೆ.” ಆರು ವರ್ಷದ ಅಭ್ಯಾಸ, ಪೊಟ್ಟಣ ಚಾಚಿದರೆ ಅವನ ಕೈ ತಾನಾಗಿ ಮುಂದೆ ಹೋಗುತ್ತದೆ. ಕಣ್ಣು ಕೂಡ ತಾನಾಗಿ ಪಿನ್‌ಕೋಡಿನ ಮೇಲೆ ಬಿತ್ತು. ಪರದೇಶದ ಕೋಡು, ಯಾವ ಬುಟ್ಟಿಗೆ ಎಸೆಯಬೇಕೆಂದು ತಿಳಿಯದೆ ಹಿಂದಿನ ಸೀಟಿಗೆ ಎಸೆದ.

ಐದನೆಯದನ್ನು ಒತ್ತಿದಾಗ ಮೂರೂವರೆ. ಮಹಾತಾಯಿ ಅವರನ್ನು ಕಾಯಿಪಲ್ಲೆ ತೋಟಗಳ ನಡುವೆ ಕರೆದೊಯ್ದಳು. ರಸ್ತೆ ಮುಚ್ಚಿದ್ದಲ್ಲಿ “ಹಿಂದಕ್ಕೆ ತಿರುಗಿ” ಎಂದಳು; ತಿರುಗಿದರೆ ಮತ್ತೆ “ಹಿಂದಕ್ಕೆ ತಿರುಗಿ” ಎಂದಳು. ಅದೇ ಹಳದಿ ಹಾಲಿನ ವ್ಯಾನು ಮೂರು ಸಲ ಎದುರು ಸಿಕ್ಕಿತು. ಮೂರನೆಯ ಸಲ ಅದರ ಚಾಲಕ ಕೈಬೀಸಿದ.

“ರೀ,” ಎಂದಳು ಹೆಂಡತಿ, ಹಿಂದಿನಿಂದ ಕಂತೆ ಎತ್ತಿಕೊಂಡು ತೀರ ನಿಧಾನವಾಗಿ, “ಇದ್ರ ಮೇಲಿರೋ ಅಡ್ರೆಸ್ ಪೂರ್ತಿ ಓದಿದ್ರಾ?”

“ಕೋಡ್ ನೋಡ್ದೆ.”

“ಕೋಡಿನ ಮೇಲೆ ಅಕ್ಷರಾನೂ ಇರುತ್ತೆ. ನಾವು ಈ ಕಾರು ತಗೊಂಡ ಬಾಡಿಗೆ ಅಂಗಡೀದೇ ಅಡ್ರೆಸ್ಸು. ಬೀದಿ ಹೆಸರು, ಕಡಲ ದಂಡೆ.”

“ಹಿಂದಕ್ಕೆ ತಿರುಗಿ” ಎಂದಳು ಮಹಾತಾಯಿ.

“ಬರೀ ಹೆಸರಿರುತ್ತೆ ಕಣೇ. ನಮ್ಮೂರಲ್ಲಿ ಕೆರೆ ಬೀದೀಲಿ ಕೆರೆ ಇದೆಯಾ?” ಎಂದ ವಿಳಾಸರಾಯ.

“ಅಳಿಯಂದ್ರೇ, ನಿಲ್ಸಿ” ಎಂದರು ಮಾವ. ಎದುರಿನ ತಂಗುದಾಣಕ್ಕೆ ಒಂದು ಸಿಟಿ ಬಸ್ಸು ಬರುತ್ತಿತ್ತು. ಫಲಕದ ಮೇಲೆ ಅದೇ ಹೆಸರು, ಕಡಲ ದಂಡೆ. ಮಾವ ಆಗಲೇ ಬಾಗಿಲು ತೆಗೆದಿದ್ದರು. “ನಾನೂ ಮಗಳೂ ಇದ್ರಲ್ಲಿ ಹೋಗ್ತೀವಿ. ನೀವು ಕಾರು ತನ್ನಿ.”

“ಪರದೇಶದ ಬಸ್ಸು ಮಾವ! ಎಲ್ಲಿಗ್ ಹೋಗುತ್ತೋ ಏನೋ!”

“ಮೂವತ್ತು ವರ್ಷ ಓಡ್ಸಿದೀನಿ. ಬಸ್ಸು ದಾರಿ ತಪ್ಪಲ್ಲ. ಅದಕ್ಕೆ ಸ್ವಂತ ಬುದ್ಧಿ ಇಲ್ಲ, ನೋಡಿ.”

ಆ ಬಸ್ಸಿನ ಬೆನ್ನು ಹತ್ತಿದ್ದರೆ ವಿಳಾಸರಾಯನೂ ಉದ್ಧಾರವಾಗುತ್ತಿದ್ದ. ಆದರೆ ಶೀಟಿನಲ್ಲಿ ಇನ್ನೊಂದು ವಿಳಾಸ ಬಾಕಿಯಿತ್ತು. ಅದು ಸಮುದ್ರವೇ ಆಗಿದ್ದು, ತಾನೇ ಮೊದಲು ತಲುಪಿ, ಬಸ್ಸಿನಿಂದ ಇಳಿಯುವ ಹೆಂಡತಿಯ ಎದುರು ಕೈಕಟ್ಟಿ ನಿಂತರೆ? ಆ ದೃಶ್ಯದ ಸೊಬಗಿಗೆ ಅವನು ಸೋತ. ಐದನೆಯ ವಿಳಾಸ ಒಂದು ಚಪ್ಪಲಿ ಅಂಗಡಿ. ಮುಚ್ಚಿತ್ತು.

ಅಲ್ಲಿ, ಮುಚ್ಚಿದ ಬಾಗಿಲ ಮುಂದೆ, ವಿಳಾಸರಾಯ ಕೊನೆಗೂ ಒಬ್ಬನನ್ನು ದಾರಿ ಕೇಳಿದ. ಬಾಡಿಗೆ ಅಂಗಡಿ ತಲುಪಿದಾಗ ಆರು ಇಪ್ಪತ್ತು. ಕೌಂಟರಿನ ಹೆಂಗಸು ಕಂತೆ ಕಂಡದ್ದೇ ಬಿಚ್ಚಿದಳು. ಒಳಗೊಂದು ನೀಲಿ ಉಣ್ಣೆ ಅಂಗಿ.

“ನಮ್ಮಮ್ಮ ಹೆಣೆದದ್ದು! ನಿಮಗೆ ಹೇಗೆ ಸಿಕ್ತು?”

ವಿಳಾಸರಾಯ ಪೆಟ್ಟಿಗೆಯ ಪಟ್ಟಿ ತೋರಿಸಿದ. ಆಕೆ ಕನ್ನಡಕ ಏರಿಸಿ ನೋಡಿ, ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

“ಅಯ್ಯೋ, ಇದು ಹೋದ ವಾರ ನಾನು ಓಡಾಡಿದ್ದು. ಹಲ್ಲಿನ ಡಾಕ್ಟ್ರ ಹತ್ರಾನೂ ಹೋಗಿದ್ರಾ? ನನ್ನ ಚಪ್ಪಲಿ ಹೊಲಿದಾಗಿತ್ತಾ?”

“ಸಮುದ್ರ...” ಎಂದ ವಿಳಾಸರಾಯ.

ಆಕೆ ಬೆಳಗಿನ ಹೆಬ್ಬೆರಳನ್ನೇ ಮತ್ತೆ ಹೆಗಲ ಹಿಂದಕ್ಕೆ ತೋರಿಸಿದಳು. ಹೋಗಿ, ಗರಗರ ಸದ್ದು ಮಾಡುತ್ತಿದ್ದ ಫ್ಯಾನು ಆರಿಸಿದಳು. ಗೋಡೆಯ ಆಚೆಯಿಂದ ಭೋರೆಂಬ ಸದ್ದು ಕೇಳಿತು. “ಹಿಂದಿನ ಗಲ್ಲಿ ದಾಟಿದ್ರೆ ನೂರು ಹೆಜ್ಜೆ. ಕಾರೇ ಬೇಡ ಅಂತ ಬೆಳಗ್ಗೆ ಹೇಳಕ್ಕೆ ಬಂದೆ. ನೀವು ನಿಮ್ಮ ಕಸುಬು ಅಂದ್ರಿ.”

ವಿಳಾಸರಾಯ ಹಿಂಬಾಗಿಲಿಗೆ ಓಡಬೇಕೆನ್ನುವಷ್ಟರಲ್ಲಿ ಮುಂದುಗಡೆ ವಿಮಾನ ನಿಲ್ದಾಣದ ಬಸ್ಸು ಹಾರ್ನ್ ಮಾಡಿತು. ಕಾರಿನ ಡಿಕ್ಕಿಯಲ್ಲಿ ಮೂರು ಸೂಟ್‌ಕೇಸು. ಅವನ್ನು ಇಳಿಸುತ್ತಿರುವಾಗ ಗಲ್ಲಿಯ ಕಡೆಯಿಂದ ಹೆಂಡತಿ ಮತ್ತು ಮಾವ ನಡೆದು ಬಂದರು. ಮಾವನ ಪ್ಯಾಂಟು ಮೊಣಕಾಲವರೆಗೆ ಮಡಚಿತ್ತು, ಕಾಲಿಗೆಲ್ಲ ಮರಳು. ಸ್ಟೇರಿಂಗ್ ಹಿಡಿದು ಹಿಡಿದು ಗಂಟುಗಟ್ಟಿದ್ದ ಮುಖ ಮಗುವಿನ ಮುಖದಂತೆ ಬಿಚ್ಚಿಕೊಂಡಿತ್ತು.

“ಒಂದೂ ಸ್ಟಾಪಿಲ್ಲ ಅಳಿಯಂದ್ರೇ,” ಎಂದರು, “ನೋಡಿದಷ್ಟು ದೂರಾನೂ ಒಂದು ಸ್ಟಾಪಿಲ್ಲ!”

ಬಸ್ಸು ಎರಡನೆಯ ಸಲ ಕೂಗಿತು. ಕೌಂಟರಿನ ಹೆಂಗಸು ಓಡಿಬಂದು, ಅಮ್ಮನ ಅಂಗಿ ಇಷ್ಟು ಬೇಗ ಯಾವ ಕೊರಿಯರಿನವರೂ ತಂದುಕೊಟ್ಟಿರಲಿಲ್ಲವೆಂದು ವಿಳಾಸರಾಯನ ಕೈ ಕುಲುಕಿದಳು. ಆರು ವರ್ಷದ ರಜೆಯ ಕೊನೆಯ ದಿನವೂ ಅವನು ಒಂದು ಪಾರ್ಸೆಲ್ ತಲುಪಿಸಿದ್ದ. ಕೈ ತಾನಾಗಿ ಜೇಬಿನಿಂದ ಪೆನ್ನು ತೆಗೆದು, ಸಹಿ ಹಾಕಲು ಆಕೆಗೆ ಚಾಚಿತು.

ಬಸ್ಸು ಹೊರಟಿತು. ಕಿಟಕಿಯಾಚೆ ಬರೀ ಗೋದಾಮಿನ ಗೋಡೆ. ಮಾವ ಚೀಲದಿಂದ ನೀರಿನ ಬಾಟಲಿಯೊಂದನ್ನು ತೆಗೆದು ಅಳಿಯನ ಕೈಗಿಟ್ಟರು. ಮಸುಕು ನೀರು, ತಳದಲ್ಲಿ ಎರಡು ಚಿಟಿಕೆ ಮರಳು.

“ನಿಮ್ಮ ಪಾಲಿಂದು. ಖಾಲಿ ಕೈಲಿ ಹೋಗ್ಬಾರ್ದು ನೋಡಿ.”

ವಿಳಾಸರಾಯ ಬಾಟಲಿಯನ್ನು ಹಿಡಿದುಕೊಂಡು ಕುಳಿತ. ಬೆಳಗಿನಿಂದ ಮೊದಲ ಸಲ ಹೆಂಡತಿಯ ದನಿ ಮೃದುವಾಗಿತ್ತು.

“ಸ್ವಲ್ಪ ಅಲ್ಲಾಡ್ಸಿ ರೀ. ಅಲೆ ಬರುತ್ತೆ.”

ಸುತ್ತಮುತ್ತ ಯಾರೂ ನೋಡುತ್ತಿಲ್ಲವೆಂದು ಖಚಿತಪಡಿಸಿಕೊಂಡು, ಅವನು ಅಲ್ಲಾಡಿಸಿದ.